ನಮ್ಮ ಬೀದಿಯೋರು

"ಇಡೀ ದಿನ ಕೋಳಿ ಕತ್ತರಿಸೋ ಕಣ್ಣಿಗೆ ಇನ್ನೇನು ಕಾಣುತ್ತೆ? ನಿನಗೆ ಎಲ್ಲಾ ಕೋಳೀನೇ. ಪುಕ್ಕದ ವಾಸನೆ ಹೊತ್ಕೊಂಡು ಬಂದು ಇಲ್ಲಿ ಪಾಠ ಹೇಳಬೇಡ. ನಡಿ ಆಚೆ."

ಹೀಗೆ ಅಂದವನು ನಾನು. ಅನ್ನಿಸಿಕೊಂಡವಳು ನನ್ನ ಅಮ್ಮ. ಕೇಳಿಸಿಕೊಂಡವರು ಒಂಬತ್ತು ಜನ: ಸೂಪರ್‌ವೈಸರು, ಇಬ್ಬರು ಎಲೆಕ್ಟ್ರಿಷಿಯನ್ನರು, ಪೇಂಟರಣ್ಣ, ಗಾಜು ಕೂರಿಸುವ ನಾಲ್ವರು, ಬಾಗಿಲು ಕಾಯುವವನು. ಅವಳು ನನ್ನ ಅಮ್ಮ ಅಂತ ಆ ಒಂಬತ್ತು ಜನರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಾಗದ ಹಾಗೆ ನೋಡಿಕೊಂಡವನೂ ನಾನೇ.

ನಾನು ವೆಲ್ಡರ್. ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಬಂದವನು. ಕೆಲಸದ ಜಾಗದಲ್ಲಿ ನನ್ನನ್ನು ಕರೆಯುವುದು ಕಿಡಿ ಅಂತ. ಬೆಸುಗೆ ಹಾಕುವುದಕ್ಕೋ, ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡಿರುವುದಕ್ಕೋ, ಯಾವುದಕ್ಕಾದರೂ ಸರಿಹೋಗುತ್ತದೆ. ಆಗ ನಮಗೆ ಸಿಕ್ಕಿದ್ದ ಕೆಲಸ ಹೊಸ ಮ್ಯೂಸಿಯಂನ ದೊಡ್ಡ ಹಾಲ್‌ನಲ್ಲಿ ಡೈನೋಸಾರ್ ನಿಲ್ಲಿಸುವುದು. ನಿಜವಾದ ಮೂಳೆಯಲ್ಲ, ಅಚ್ಚಿಗೆ ಹೊಯ್ದು ಮಾಡಿದ್ದು. ಇನ್ನೂರ ಹನ್ನೆರಡು ತುಂಡು ಮರದ ಪೆಟ್ಟಿಗೆಗಳಲ್ಲಿ ಬಂದಿದ್ದವು. ಒಳಗಿನ ಕಬ್ಬಿಣದ ಹಂದರ ನನ್ನದು. ಪೈಪು ಬಗ್ಗಿಸಿ, ಬೆಸೆದು, ಬೆನ್ನಿನ ಒಂದೊಂದು ಮಣಿಯನ್ನೂ ಪೋಣಿಸಿ ನಿಲ್ಲಿಸಿದವನು ನಾನು. ಬಾಲದ ತುದಿಯಿಂದ ಮೂತಿಯವರೆಗೆ ಎಂಟು ಮೀಟರ್. ಹಿಂದಿನ ಎರಡು ಕಾಲಿನ ಮೇಲೆ ನಿಂತು, ಮುಂದಿನ ಎರಡು ಕೈ ಚಾಚಿ, ಹಲ್ಲು ಕಿರಿಯುತ್ತಿದ್ದ ಅದಕ್ಕೆ ನಾವಿಟ್ಟ ಹೆಸರು ಯಜಮಾನ. "ಯಜಮಾನರ ಸೊಂಟ ಹಿಡಿದಿದೆ, ಸ್ವಲ್ಪ ಎತ್ತಿ ಕೊಡಿ" ಅಂತೆಲ್ಲ ತಮಾಷೆ ನಡೆಯುತ್ತಿತ್ತು.

ಪೆಟ್ಟಿಗೆಗಳ ಜೊತೆ ಒಂದು ನಕ್ಷೆ ಬಂದಿತ್ತು. ನಾನು ಅಂಕಿ ಓದುತ್ತೇನೆ, ಅಳತೆ ಓದುತ್ತೇನೆ, ಚಿತ್ರ ಓದುತ್ತೇನೆ. ಅಂಚಿನಲ್ಲಿ ಇರುವೆ ಸಾಲಿನ ಹಾಗೆ ಇಂಗ್ಲಿಷಿನಲ್ಲಿ ಬರೆದಿರುತ್ತಾರಲ್ಲ, ಅದನ್ನು ಓದುವುದಿಲ್ಲ. ಓದಲು ಬರುವುದಿಲ್ಲ ಅಂತ ಯಾರಿಗೂ ಹೇಳಿಲ್ಲ. ಸೂಪರ್‌ವೈಸರು "ಎಲ್ಲಾ ಅರ್ಥ ಆಯ್ತೇನೋ?" ಅಂದಾಗ ಪ್ರತಿ ಸಲವೂ "ಆಯ್ತು ಸಾರ್, ಇದೇನು ಮಹಾ" ಅಂದಿದ್ದೇನೆ. ಚಿತ್ರದಲ್ಲಿ ಯಜಮಾನನ ಕೈ ಪಕ್ಕದಿಂದ ಕಾಣುತ್ತಿತ್ತು, ಮೂರೂ ಬೆರಳು ಅಗಲವಾಗಿ ತೋರುತ್ತಿದ್ದವು. ನೋಡುವವರಿಗೆ ಬೆರಳು ಕಾಣಲಿ ಅಂತ ಹಾಗೆ ಬರೆದಿದ್ದಾರೆ ಅಂದುಕೊಂಡೆ. ನಾನು ಅಂಗೈ ನೆಲಕ್ಕೆ ಮಾಡಿ ಕೂರಿಸಿದೆ. ಯಾರ ಮೇಲಾದರೂ ಎಗರಿ ಬೀಳುವ ಹಾಗೆ. ಸೂಪರ್‌ವೈಸರಿಗೂ ಇಷ್ಟವಾಯಿತು. "ಭಯ ಆಗುತ್ತೆ ಕಣೋ, ಚೆನ್ನಾಗಿದೆ" ಅಂದರು.

ಅಮ್ಮನ ಅಂಗಡಿಗೆ ಮಂಗಳವಾರ ರಜಾ. ಆ ಮಂಗಳವಾರ ಅವಳು ಬಂದೇಬಿಟ್ಟಳು. ನಾನು ಕರೆದಿರಲಿಲ್ಲ. ಒಂದು ದಿನ ಊಟಕ್ಕೆ ಕೂತಾಗ ಬಾಯಿತಪ್ಪಿ, "ಮನೆಯಷ್ಟು ಎತ್ತರದ ಪ್ರಾಣಿ ಕಟ್ಟುತ್ತಾ ಇದ್ದೀನಿ" ಅಂದಿದ್ದೆ, ಅಷ್ಟೇ. ಅದನ್ನೇ ಹಿಡಿದುಕೊಂಡು, ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಬಟ್ಟೆ ತೆಗೆದು ಉಟ್ಟು, ಕೈ ಕೆಂಪಾಗುವಷ್ಟು ಉಜ್ಜಿ ತೊಳೆದು, ಎರಡು ಬಸ್ಸು ಬದಲಾಯಿಸಿ ಬಂದಿದ್ದಳು. ಬಾಗಿಲಲ್ಲಿ "ವೆಲ್ಡಿಂಗ್ ಮಾಡೋ ಹುಡುಗ ಎಲ್ಲಿ?" ಅಂತ ಕೇಳಿದಳಂತೆ. ಬಾಗಿಲಿನವನು ಅಲ್ಲಿಂದಲೇ ಕೂಗಿದ.

"ಕಿಡೀ, ನಿನ್ನ ನೋಡೋಕೆ ಯಾರೋ ಬಂದಿದ್ದಾರೆ. ಯಾರಪ್ಪಾ ಇವರು?"

ಅವಳು ಬಾಯಿ ತೆರೆಯುವ ಮೊದಲೇ ನಾನು ಏಣಿ ಮೇಲಿಂದ ಹೇಳಿದೆ. "ನಮ್ಮ ಬೀದಿಯೋರು. ಅಲ್ಲಿ ಕೋಳಿ ಅಂಗಡಿ ಇದೆ."

ತೆರೆದ ಬಾಯನ್ನು ಅವಳು ಮುಚ್ಚಿಕೊಂಡಳು. ಭುಜದ ಚೀಲ ಸರಿಮಾಡಿಕೊಂಡು, "ಹೌದು, ಸುಮ್ನೆ ನೋಡ್ಕೊಂಡು ಹೋಗೋಣ ಅಂತ ಬಂದೆ" ಅಂದಳು. ಆಮೇಲೆ ಯಜಮಾನನ ಸುತ್ತ ನಿಧಾನಕ್ಕೆ ಒಂದು ಸುತ್ತು ಹಾಕಿದಳು. ಪಾದದ ಹತ್ತಿರ ಬಗ್ಗಿದಳು. ಎದೆಯ ಕೆಳಗೆ ನಿಂತು ತಲೆ ಎತ್ತಿದಳು. ಅಂಗಡಿಗೆ ಹೊಸ ಕೋಳಿ ಬಂದಾಗ ಒಂದು ಕಣ್ಣು ಕಿರಿದು ಮಾಡಿ ನೋಡುತ್ತಾಳಲ್ಲ, ಹಾಗೆಯೇ ನೋಡಿದಳು. ನನಗೆ ಮೈ ಉರಿಯಲು ಶುರುವಾಯಿತು.

"ಕಾಲು ಚೆನ್ನಾಗಿದೆ. ಎದೆ ಹತ್ರ ಕವೆ ಥರದ ಮೂಳೆನೂ ಸರಿಯಾಗಿ ಕೂತಿದೆ. ಆದ್ರೆ ಪಾಪ, ಎರಡು ಕೈಯೂ ಮುರಿದಿದೆಯಲ್ಲಾ. ಯಾರು ಮುರಿದಿದ್ದು?"

ಸೂಪರ್‌ವೈಸರು ನಕ್ಕರು. "ಮುರಿದಿಲ್ಲಮ್ಮಾ, ಹೊಸಾದು. ಮೊನ್ನೆ ತಾನೇ ಕೂರಿಸಿದ್ದು."

"ಹೊಸಾದೇ ಇರಬಹುದು. ಮಣಿಕಟ್ಟು ತಿರುಚಿಕೊಂಡಿದೆ ನೋಡಿ. ರೆಕ್ಕೆ ಹೀಗೆ ಮಡಚುತ್ತೆ, ಚಾಕು ಮಡಚಿದ ಹಾಗೆ." ಅವಳು ತನ್ನ ಕೈಯನ್ನೇ ಮೊಳಕೈಯ ಕಡೆಗೆ ಮಡಚಿ ತೋರಿಸಿದಳು. "ಹೀಗೆ ಬೋರಲು ತಿರುಗಲ್ಲ. ತಿರುಗಿಸಿದ್ರೆ ಟಕ್ ಅನ್ನುತ್ತೆ."

"ರೆಕ್ಕೆ ಎಲ್ಲಿಂದ ಬಂತಮ್ಮಾ? ಇದು ಡೈನೋಸಾರು. ಕೋಳಿ ಅಲ್ಲ."

"ಹೌದಾ? ಮತ್ತೆ ಕೋಳಿ ಥರಾನೇ ಯಾಕೆ ನಿಂತಿದೆ?"

ಎಲ್ಲರೂ ನಕ್ಕರು. ಒಬ್ಬ ಎಲೆಕ್ಟ್ರಿಷಿಯನ್ ವೈರು ಬಿಟ್ಟು ಹತ್ತಿರ ಬಂದ. "ಅಮ್ಮಾ, ಇದನ್ನ ಕತ್ತರಿಸಿದ್ರೆ ಎಷ್ಟು ಕೆಜಿ ಬೀಳುತ್ತೆ?"

"ಏನು ಬೀಳುತ್ತಪ್ಪಾ, ಬರೀ ಮೂಳೆ. ಯಾರೋ ಆಗಲೇ ತಿಂದು ಮುಗಿಸಿದ್ದಾರೆ."

ಈ ಸಲ ನಗು ಬೇರೆ ಥರ ಇತ್ತು. ಅವಳನ್ನು ನೋಡಿ ನಗುತ್ತಿದ್ದವರು ಈಗ ಅವಳ ಜೊತೆ ನಗುತ್ತಿದ್ದರು. ಪೇಂಟರಣ್ಣ ಅವಳಿಗೊಂದು ಸ್ಟೂಲು ತಂದು ಹಾಕಿದ. ಅವಳ ಮುಖ ಅರಳಿತು. ಆ ಅರಳಿದ ಮುಖವನ್ನು ನನ್ನ ಕಡೆ ತಿರುಗಿಸಿ ಅಂದಳು, "ನೀನಾದ್ರೂ ಹೇಳಪ್ಪಾ. ನಿನಗೇ ಗೊತ್ತಲ್ಲ, ಎಷ್ಟು ರೆಕ್ಕೆ ನೀನೇ..."

ಆಗ ನಾನು ಹಾಗಂದೆ. ಕೋಳಿ ಕತ್ತರಿಸೋ ಕಣ್ಣು, ಪುಕ್ಕದ ವಾಸನೆ, ನಡಿ ಆಚೆ.

 ಅಮ್ಮ ಸ್ಟೂಲಿನಿಂದ ಎದ್ದಳು. "ಆಯ್ತಪ್ಪಾ, ಬರ್ತೀನಿ" ಅಂದು, ಪೇಂಟರಣ್ಣನಿಗೆ ಸ್ಟೂಲನ್ನು ವಾಪಸು ಕೈಗೆ ಕೊಟ್ಟು ಹೋದಳು.

"ಲೋ ಕಿಡಿ," ಅಂದ ಪೇಂಟರಣ್ಣ, ಬ್ರಶ್ಶು ಕೆಳಗಿಟ್ಟು. "ನೀನು ತಾನು ಅಂತ ಮಾತಾಡ್ತೀಯಲ್ಲೋ ದೊಡ್ಡೋರಿಗೆ. ನಿಮ್ಮಮ್ಮನ ವಯಸ್ಸಿರಬೇಕು ಅವರಿಗೆ."

 ಮಾತು ಕಲಿತಾಗಿನಿಂದ ಅವಳಿಗೆ "ನೀನು" ಅಂದವನೇ ನಾನು. ಅಮ್ಮನಿಗೆ ಇನ್ನೇನು ಅನ್ನುತ್ತಾರೆ? ಅದೇ "ನೀನು" ಅವತ್ತು ಉಳಿದವರ ಕಿವಿಗೆ ಯಾರೋ ಕಂಡವರ ಮೇಲೆ ಉಗುಳಿದ ಹಾಗೆ ಬಿತ್ತು. ಅವಳ ಕಿವಿಗೆ ಹೇಗೆ ಬಿತ್ತೋ ನನಗೆ ಗೊತ್ತಿಲ್ಲ. ಹೆಲ್ಮೆಟ್ ಮುಖದ ಮೇಲೆ ಎಳೆದುಕೊಂಡು, ಬೆಸೆಯಬೇಕಾಗಿಲ್ಲದ ಕಡೆಯೂ ಬೆಸೆಯುತ್ತ ಕೂತೆ.

ವಾಸನೆಯ ಮಾತು ನಾನು ಕಂಡುಹಿಡಿದದ್ದಲ್ಲ. ಶಾಲೆಯಲ್ಲಿ ಹುಡುಗರು ಕಂಡುಹಿಡಿದದ್ದು. ನಮ್ಮಪ್ಪ ನಾನು ಹುಟ್ಟುವ ಮೊದಲೇ ತೀರಿಹೋದ. ಅಂಗಡಿಯನ್ನು ಅಮ್ಮನೇ ನಡೆಸುತ್ತಿದ್ದಳು, ಬೆಳಿಗ್ಗೆ ನಾನೂ ಕೈಹಾಕಿ ಶಾಲೆಗೆ ಓಡುತ್ತಿದ್ದೆ. ಒಂದು ದಿನ ಕಾಲರಿಗೆ ಬಿಳಿ ಪುಕ್ಕ ಅಂಟಿಕೊಂಡಿತ್ತು. ಅವತ್ತಿನಿಂದ ನನ್ನ ಹೆಸರು ಪುಕ್ಕ. ಹಾಜರಿ ಕರೆದಾಗ ಹಿಂದಿನ ಬೆಂಚಿನವರು "ಕೊಕ್ಕೊಕ್ಕೋ" ಅನ್ನುತ್ತಿದ್ದರು. ಮೇಷ್ಟ್ರೂ ಒಂದು ಸಲ ನಕ್ಕರು. ಆ ನಗುವಿನ ಮಾರನೆಯ ದಿನದಿಂದ ನಾನು ಹೋಗಲಿಲ್ಲ. ಅಮ್ಮನಿಗೆ "ಓದು ತಲೆಗೆ ಹತ್ತಲ್ಲ" ಅಂದೆ. ಅವಳು ಅದನ್ನೇ ನಂಬಿ, ಬಂದವರಿಗೆಲ್ಲ "ನನ್ನ ಮಗನಿಗೆ ಓದು ಹತ್ತಲಿಲ್ಲ, ಕೈಕೆಲಸದಲ್ಲಿ ಮಾತ್ರ ಗಟ್ಟಿಗ" ಅನ್ನುತ್ತಿದ್ದಳು. ಕಬ್ಬಿಣ ಸುಟ್ಟ ವಾಸನೆ ಹತ್ತಿದರೆ ಪುಕ್ಕದ ವಾಸನೆ ಹೋಗುತ್ತದೆ ಅಂತ ವೆಲ್ಡಿಂಗಿಗೆ ಸೇರಿದೆ. ನನ್ನನ್ನು ಪುಕ್ಕ ಅಂದವರ ಮೇಲೆ ಎತ್ತಬೇಕಾಗಿದ್ದ ಕೈಯನ್ನು ಕೊನೆಗೆ ಯಾರ ಮೇಲೆ ಎತ್ತಿದೆ ನೋಡಿ.

ಸಂಜೆ ಮನೆಗೆ ಹೋದಾಗ ಅವಳು ಎಂದಿನಂತೆ ತಟ್ಟೆ ಹಾಕಿದಳು. ಎಂದಿನಂತೆ "ಕೈ ತೊಳ್ಕೊಂಡು ಬಾ" ಅಂದಳು. ಬೈದಿದ್ದರೆ ನಾನೂ ಎರಡು ಬೈದು ಹಗುರಾಗುತ್ತಿದ್ದೆ. ಆ ಒಳ್ಳೆಯ ಬಟ್ಟೆಯನ್ನು ಮತ್ತೆ ಒಗೆದು ಹಗ್ಗದ ಮೇಲೆ ಹಾಕಿದ್ದಳು. ಒಂದು ಸಲ ಉಟ್ಟದ್ದನ್ನು ಅಷ್ಟು ಬೇಗ ಅವಳು ಒಗೆಯುವುದಿಲ್ಲ.

ಗುರುವಾರ ಮ್ಯೂಸಿಯಂನ ಮೇಡಂ ಬಂದರು. ಮೂಳೆಗಳನ್ನು ಓದಿಕೊಂಡವರು, ಎರಡು ವಾರ ಬೇರೆ ಊರಿಗೆ ಹೋಗಿದ್ದರು. ಒಳಗೆ ಕಾಲಿಟ್ಟವರು ಬಾಗಿಲಲ್ಲೇ ನಿಂತುಬಿಟ್ಟರು.

"ಈ ಕೈ ಯಾರು ಕೂರಿಸಿದ್ದು?"

"ಕಿಡಿ, ಮೇಡಂ," ಅಂದರು ಸೂಪರ್‌ವೈಸರು, ತಕ್ಷಣ. ಚೆನ್ನಾಗಿದೆ ಅಂದದ್ದು ತಾವು ಅನ್ನುವುದು ಅವರ ಬಾಯಿಗೆ ಬರಲಿಲ್ಲ.

ಮೇಡಂ ನಕ್ಷೆ ಬಿಡಿಸಿ ಅಂಚಿನ ಇರುವೆ ಸಾಲಿನ ಮೇಲೆ ಬೆರಳಿಟ್ಟರು. "ಇಲ್ಲೇ ಬರೆದಿದೆಯಲ್ಲ, ಎರಡು ಅಂಗೈ ಒಂದಕ್ಕೊಂದು ಎದುರಾಗಿರಬೇಕು ಅಂತ. ಚಪ್ಪಾಳೆ ತಟ್ಟೋ ಹಾಗೆ. ಓದಲಿಲ್ವಾ?"

"ಓದಿದ್ದೆ ಮೇಡಂ. ಮರೆತೆ."

"ಇವುಗಳ ಮುಂಗೈ ಹಾಗೆ ಬೋರಲು ತಿರುಗೋದೇ ಇಲ್ಲ. ತಿರುಗಿಸಿದ್ರೆ ಮೂಳೆ ಮುರೀಬೇಕು."

ಪೇಂಟರಣ್ಣ ಏಣಿ ಮೇಲಿಂದ ಇಣುಕಿದ. "ಅಯ್ಯೋ ಮೇಡಂ, ಇದನ್ನೇ ಆ ಕೋಳಿ ಅಂಗಡಿಯಮ್ಮ ಮೊನ್ನೆ ಹೇಳಿದ್ರು! ಎರಡು ಕೈಯೂ ಮುರಿದಿದೆ, ಯಾರು ಮುರಿದಿದ್ದು ಅಂತ ಕೇಳಿದ್ರು. ನಾವೆಲ್ಲ ನಕ್ಕುಬಿಟ್ವಿ."

ಮೇಡಂ ಮುಖದ ಮೇಲಿದ್ದ ಸಿಟ್ಟು ಎಲ್ಲಿ ಹೋಯಿತೋ. "ಯಾರು? ಕೋಳಿ ಅಂಗಡಿಯವರಾ? ನೋಡಿದ ಕೂಡ್ಲೇ ಹೇಳಿದ್ರಾ?" ಅಂತ ಮಗುವಿನ ಹಾಗೆ ಮೂರು ಸಲ ಕೇಳಿದರು. "ಸರಿಯಾಗೇ ಹೇಳಿದ್ದಾರೆ. ಕೋಳಿ ಮಣಿಕಟ್ಟು ಗೊತ್ತಿದ್ರೆ ಇದು ಗೊತ್ತಾಗಲೇಬೇಕು. ಹಕ್ಕಿಗಳೂ ಇದೇ ಮನೆತನದವು."

"ಹಾಗಾದ್ರೆ ಇವು ಸತ್ತೇ ಹೋಗಿಲ್ವಾ?" ಅಂದ ಪೇಂಟರಣ್ಣ. "ಈ ಬೋರ್ಡಲ್ಲಿ ಪೂರ್ತಿ ಅಳಿದುಹೋದವು ಅಂತ ಬರೆಯೋಕೆ ಹೇಳಿದ್ದಾರಲ್ಲ?"

"ಬಹಳಷ್ಟು ಸತ್ತವು. ಒಂದು ಕವಲು ಉಳೀತು. ಅದೋ ನೋಡಿ, ಕಿಟಕಿ ಮೇಲೆ."

ಕಿಟಕಿಯ ಮೇಲೆ ಪಾರಿವಾಳವೊಂದು ಕೂತಿತ್ತು. "ಅದು ಯಜಮಾನರ ಮೊಮ್ಮಗನಾ? ದಿನಾ ನನ್ನ ಹಸಿ ಪೇಂಟ್ ಮೇಲೆ ಹೇತು ಹೋಗುತ್ತೆ. ಆ ಧಿಮಾಕು ಎಲ್ಲಿಂದ ಬಂತು ಅಂತ ಈಗ ಗೊತ್ತಾಯ್ತು."

"ಮೊಮ್ಮಗ ಅಲ್ಲ, ದಾಯಾದಿ ಅನ್ನಿ," ಮೇಡಂ ನಕ್ಕರು. "ಮೇಲೆ ನೋಡಿದ್ರೆ ಸಂಬಂಧಾನೇ ಇಲ್ಲ ಅನ್ನಿಸುತ್ತೆ. ಮೂಳೆ ನೋಡಿ. ಸಂಬಂಧ ಮುಚ್ಚಿಡೋದು ಮೂಳೆಗೆ ಬರಲ್ಲ." ಪೇಂಟರಣ್ಣನ ಕೈಯಿಂದ ಬ್ರಶ್ಶು ತೆಗೆದುಕೊಂಡು ಬೋರ್ಡಿನ ಮೇಲಿದ್ದ "ಪೂರ್ತಿ" ಎಂಬ ಪದವನ್ನು ಅವರೇ ಬಳಿದುಹಾಕಿದರು. ಆಮೇಲೆ ಕೇಳಿದರು, "ಆಕೆ ಯಾರು? ನಾನು ನೋಡಬೇಕು ಅವರನ್ನ."

ಎಲ್ಲರೂ ನನ್ನ ಕಡೆ ತಿರುಗಿದರು. ಬಾಗಿಲಿನವನು ಹೇಳಿದ, "ಕಿಡಿಗೆ ಗೊತ್ತು ಮೇಡಂ. ಅವನ ಬೀದಿಯೋರು."

"ಹೌದಾ?" ಅಂದರು ಮೇಡಂ. ನಾನು ತಲೆಯಾಡಿಸಿದೆ. ಆಗಲೇ ಹೇಳಿಬಿಡಬಹುದಿತ್ತು. ಹೇಳಿದ್ದರೆ ಅಲ್ಲಿದ್ದವರಿಗೆಲ್ಲ ಮಂಗಳವಾರದ ಮಾತು ನೆನಪಾಗುತ್ತಿತ್ತು: ಇವನು ಹಾಗೆ ಅಂದದ್ದು ಹೆತ್ತ ತಾಯಿಗೆ ಅಂತ. ಮೊದಲು ಅವಳು ಯಾರು ಅಂತ ಗೊತ್ತಾಗುವುದಕ್ಕೆ ನಾಚಿಕೆ. ಈಗ ನಾನು ಯಾರು ಅಂತ ಗೊತ್ತಾಗುವುದಕ್ಕೆ.

ಅವತ್ತು ಸಂಜೆ ಮನೆಯಲ್ಲಿ ಕೋಳಿ ಸಾರು. ಒಂದು ರೆಕ್ಕೆ ನನ್ನ ತಟ್ಟೆಗೆ ಬಿದ್ದಿತ್ತು. ಅದನ್ನು ತಿನ್ನದೆ ಕೈಯಲ್ಲಿ ಹಿಡಿದು ಮಡಚಿದೆ, ಬಿಡಿಸಿದೆ. ಚಾಕುವಿನ ಹಾಗೆ ಪಕ್ಕಕ್ಕೆ ಮಡಚುತ್ತಿತ್ತು. ಬೋರಲು ತಿರುಗಿಸಿದೆ. ಟಕ್ ಅಂದಿತು. ತಲೆ ಎತ್ತಿದರೆ ಅಮ್ಮ ನೋಡುತ್ತಿದ್ದಳು.  ಪಾತ್ರೆಯಿಂದ ಇನ್ನೊಂದು ರೆಕ್ಕೆ ಹುಡುಕಿ ನನ್ನ ತಟ್ಟೆಗೆ ಹಾಕಿದಳು.

"ಇದನ್ನೂ ನೋಡು. ಎಡಗಡೇದು."

"ಅಮ್ಮಾ," ಅಂದೆ.  ಅವಳು ಕಾದಳು. "ಉಪ್ಪು ಕೊಡು" ಅಂದೆ. ಕೊಟ್ಟಳು.

ಮಾರನೆಯ ದಿನ ಎರಡೂ ಮೊಳಕೈಯ ಬೆಸುಗೆ ಕತ್ತರಿಸಿ, ಪೈಪುಗಳನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಬೆಸೆದೆ. ಅಂಗೈಗಳು ಎದುರುಬದುರಾದವು. ಈಗ ಯಜಮಾನ ಯಾರನ್ನೋ ಹೆದರಿಸುವವನ ಹಾಗೆ ಕಾಣುತ್ತಿರಲಿಲ್ಲ, ಏನನ್ನೋ ಎತ್ತಿಕೊಳ್ಳಲು ಬಗ್ಗಿದವನ ಹಾಗೆ ಕಾಣುತ್ತಿದ್ದ. ಮೇಡಂ ಸುತ್ತ ಬಂದು ನೋಡಿ, "ಅಚ್ಚುಕಟ್ಟಾಗಿದೆ" ಅಂದರು. "ಬನ್ನಿ, ಈಗ ನಿಮ್ಮ ಬೀದಿಯವರ ಹತ್ರ ಹೋಗೋಣ. ನಾಳೆ ಉದ್ಘಾಟನೆಗೆ ಅವರು ಬರಲೇಬೇಕು. ಮಕ್ಕಳಿಗೆ ಅವರ ಕೈಯಲ್ಲೇ ರೆಕ್ಕೆ ಮಡಚಿಸಿ ತೋರಿಸ್ತೀನಿ."

ಅವರ ಕಾರಿನಲ್ಲಿ ಕೂತು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ. ಮೇಡಂ, ಅವರು ನಮ್ಮಮ್ಮ. ಮೇಡಂ, ಒಂದು ಮಾತು, ಅವರು ನಮ್ಮಮ್ಮ. ಸಿಗ್ನಲ್ ದಾಟಿದ ಮೇಲೆ ಹೇಳುತ್ತೇನೆ ಅಂದುಕೊಂಡೆ. ಸೇತುವೆ ದಾಟಿದ ಮೇಲೆ. ಮಾರ್ಕೆಟ್ಟಿನ ತಿರುವಿನಲ್ಲಿ. ಕೊನೆಗೆ, ಅಂಗಡಿ ಮುಂದೆ ಇಳಿದು, ಅವಳ ಎದುರಿಗೇ ಹೇಳುತ್ತೇನೆ, ಅದೇ ಸರಿ, ಅಂತ ಗಟ್ಟಿಮಾಡಿಕೊಂಡೆ. ನಿಜವಾಗಿಯೂ ಹೇಳುವವನಿದ್ದೆ.

ಅಂಗಡಿಯಲ್ಲಿ ಮೂವರು ಗಿರಾಕಿಗಳಿದ್ದರು. ಕಬ್ಬಿಣದ ಪಂಜರ, ಪುಕ್ಕದ ಡ್ರಮ್ಮು, ನಡುವೆ ತಗ್ಗುಬಿದ್ದ ಮರದ ದಿಮ್ಮಿ, ಅದರ ಹಿಂದೆ ಪ್ಲಾಸ್ಟಿಕ್ ಏಪ್ರನ್ ಕಟ್ಟಿಕೊಂಡ ಅಮ್ಮ. ನನ್ನನ್ನು ನೋಡಿದಳು, ನನ್ನ ಪಕ್ಕದವರನ್ನು ನೋಡಿದಳು, ಕತ್ತಿ ಕೆಳಗಿಟ್ಟಳು.

"ನಾನು ಮ್ಯೂಸಿಯಂನಿಂದ ಬಂದಿದ್ದೀನಮ್ಮ. ಆ ಕೈ ಮುರಿದಿದೆ ಅಂದವರು ನೀವೇ ಅಲ್ವಾ?"

"ಅಯ್ಯೋ, ಬಾಯಿ ತಡೀಲಿಲ್ಲ ಮೇಡಂ. ತಪ್ಪು ತಿಳ್ಕೋಬೇಡಿ."

"ನೀವು ಹೇಳಿದ್ದೇ ಸರಿ. ಸ್ವಲ್ಪ ನನಗೂ ತೋರಿಸ್ತೀರಾ?"

ಅಮ್ಮ ಒಂದು ರೆಕ್ಕೆ ಎತ್ತಿಕೊಂಡು ಮಡಚಿದಳು, ಬಿಡಿಸಿದಳು. ಗಿರಾಕಿಗಳೂ ಚೀಲ ಹಿಡಿದು ಬಗ್ಗಿ ನೋಡಿದರು. "ಇದು ಹೀಗೇ ಹೋಗೋದು. ಇಲ್ಲೊಂದು ಅರ್ಧಚಂದ್ರದ ಥರ ಪುಟ್ಟ ಮೂಳೆ ಇದೆ, ಅದರ ಮೇಲೆ ಜಾರುತ್ತೆ. ಕೈಗೆ ಸಿಗುತ್ತೆ, ಹಿಡಿದು ನೋಡಿ." ಮೇಡಂ ಹಿಡಿದು ನೋಡಿದರು. ಅವರ ಕಣ್ಣು ತುಂಬಿದ್ದನ್ನು ನಾನು ಕಂಡೆ. ಒಂದು ಮೂಳೆಗೆ ಅಷ್ಟು ಖುಷಿಪಡುವವರನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

"ಇದನ್ನ ನಾವು ಪುಸ್ತಕದಲ್ಲಿ ಓದಿದ್ದು. ನಾಳೆ ಬರಬೇಕು ನೀವು. ನೂರು ಮಕ್ಕಳು ಬರ್ತಾರೆ."

"ನಾನಾ?" ಅಮ್ಮ ನಕ್ಕಳು. ನನ್ನ ಕಡೆ ನೋಡದೆ ಅಂದಳು, "ವಾಸನೆ ಬರುತ್ತೆ ಮೇಡಂ."

"ಏನೂ ಬರಲ್ಲ. ಯಾರು ಹಾಗಂದಿದ್ದು?"

ಅಮ್ಮ ರೆಕ್ಕೆಯನ್ನು ದಿಮ್ಮಿಯ ಮೇಲಿಟ್ಟಳು. ಅವಳ ಕಿರುಬೆರಳು ಕೊನೆಯ ಗೆಣ್ಣಿನಿಂದ ಒಳಕ್ಕೆ ಕುಡುಗೋಲಿನ ಹಾಗೆ ಬಾಗಿದೆ. ಹುಟ್ಟಿನಿಂದಲೇ ಹಾಗೆ. ಮೇಡಂ ಅದನ್ನು ನೋಡಿದರು. ಆಮೇಲೆ ಅವರ ಕಣ್ಣು, ಮೂಳೆ ನೋಡಿ ಅಭ್ಯಾಸವಾದ ಕಣ್ಣು, ದಿಮ್ಮಿಯ ಅಂಚು ಹಿಡಿದು ನಿಂತಿದ್ದ ನನ್ನ ಕೈಗೆ ಬಂತು. ಅದೇ ಥರ ಬಾಗಿದ್ದ ನನ್ನ ಕಿರುಬೆರಳಿನ ಮೇಲೆ ನಿಂತಿತು. ಕೆಲಸದ ಕೈಗವಸನ್ನು ಮ್ಯೂಸಿಯಂನಲ್ಲೇ ಬಿಟ್ಟು ಬಂದಿದ್ದೆ. ಕೈಯನ್ನು ಜೇಬಿಗೆ ತುರುಕಿಕೊಳ್ಳುವಷ್ಟರಲ್ಲಿ ತಡವಾಗಿತ್ತು.

"ಇವರು..." ಮೇಡಂ ಮೆಲ್ಲಗೆ ಅಮ್ಮನನ್ನು ಕೇಳಿದರು. "ಇವರು ನಿಮಗೆ ಏನಾಗಬೇಕು?"

ಈಗ, ಅಂದುಕೊಂಡೆ. ಬಾಯಿ ತೆರೆದೆ. ಆ ಮಂಗಳವಾರ ಅವಳು ತೆರೆದ ಹಾಗೆಯೇ. ಅಷ್ಟರಲ್ಲಿ ಅಮ್ಮ ಹೇಳಿಯಾಗಿತ್ತು.

"ನಮ್ಮ ಬೀದಿಯೋರು ಮೇಡಂ. ಸಣ್ಣೋರಿದ್ದಾಗಿಂದ ನೋಡಿದ್ದೀನಿ. ಕೈಕೆಲಸದಲ್ಲಿ ಗಟ್ಟಿಗರು."

ಚುಚ್ಚಿ ಹೇಳಿದಳಾ, ನನ್ನ ಮಾನ ಉಳಿಸಲು ಹೇಳಿದಳಾ? ಅವಳ ಮುಖದಲ್ಲಿ ಎರಡಕ್ಕೂ ಗುರುತಿರಲಿಲ್ಲ. ಏಪ್ರನ್ನಿಗೆ ಕೈ ಒರೆಸಿಕೊಂಡಳು. ಮೂವರು ಗಿರಾಕಿಗಳು, ಮೇಡಂ, ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅಮ್ಮ ಕತ್ತಿ ಎತ್ತಿಕೊಂಡು, ಬಂದ ಗಿರಾಕಿಯನ್ನು ಕೇಳುವ ಹಾಗೆ, ತುಂಬ ಮರ್ಯಾದೆಯಿಂದ ನನ್ನನ್ನು ಕೇಳಿದಳು.

"ಹೇಳಿ, ನಿಮಗೇನು ಕೊಡಲಿ?"

ನಿಮಗೆ.

ನಾನು ತಿರುಗಿ ನಡೆದೆ.